ತೇಗದ ಎಲೆಯ ಮೇಲಿನ ಗೀರುಗಳು

ಒಂದು ಕಾಡಿನಲ್ಲಿ ಕಾಯಿಲೆಯವರದ್ದೇ ಒಂದು ಕೂಟವಿತ್ತು. ಕೂಟವೆಂದರೆ ದೊಡ್ಡದೇನಲ್ಲ, ಏಳೆಂಟು ಪ್ರಾಣಿಗಳು ಹಳ್ಳದ ಬದಿಯ ಬಂಡೆಯ ಹಿಂದೆ ಸೇರುತ್ತಿದ್ದವು, ಅಷ್ಟೆ. ಸೇರುತ್ತಿದ್ದದ್ದು ನಡುಮಧ್ಯಾಹ್ನ. ಏಕೆಂದರೆ ಆ ಹೊತ್ತಿನಲ್ಲಿ ಚಿರತೆ ಮರದ ಮೇಲೆ ಮಲಗಿರುತ್ತಿತ್ತು. ಹೇಳಿಕೊಳ್ಳಬೇಕೆನಿಸಿದವರು ತಮ್ಮ ನೋವನ್ನು ಎಲ್ಲರೆದುರು ಹೇಳುತ್ತಿದ್ದರು. ಬೇಡವೆನಿಸಿದವರು ಚಿಪ್ಪಜ್ಜಿಯ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದರು. ಚಿಪ್ಪಜ್ಜಿ ಎಂದರೆ ಆ ಕೂಟವನ್ನು ನಡೆಸುತ್ತಿದ್ದ ಮುದಿ ಚಿಪ್ಪುಹಂದಿ.

ಆ ಕೂಟಕ್ಕೆ ಒಂದು ಜಿಂಕೆ ಬರುತ್ತಿತ್ತು. ಮುಳ್ಳು ಚುಚ್ಚಿ ಅದರ ಎಡಗಣ್ಣು ಕಾಣದಾಗಿತ್ತು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇತ್ತು, ಆದ್ದರಿಂದ ಚಿಪ್ಪಜ್ಜಿಗಲ್ಲದೆ ಬೇರೆ ಯಾರಿಗೂ ತಿಳಿದಿರಲಿಲ್ಲ. ಜಿಂಕೆ ತನ್ನ ಹಿಂಡಿಗೂ ಹೇಳಿರಲಿಲ್ಲ. ಮಾತು ಬಾಯಿಂದ ಬಾಯಿಗೆ ಹರಿದು ಚಿರತೆಯ ಕಿವಿಗೆ ಬಿದ್ದರೆ, ಚಿರತೆ ಎಡಗಡೆಯಿಂದಲೇ ಬರುತ್ತದೆ. ಆಮೇಲೆ ಜಿಂಕೆಯೂ ಉಳಿಯುವುದಿಲ್ಲ, ಅದರ ಹಾಲು ಕುಡಿಯುವ ಮರಿಯೂ ಉಳಿಯುವುದಿಲ್ಲ.

ಚಿಪ್ಪಜ್ಜಿ ಒಬ್ಬೊಬ್ಬರಿಗೂ ಒಂದೊಂದು ತೇಗದ ಎಲೆ ಇಟ್ಟಿತ್ತು. ಎಲೆಯ ಮೇಲೆ ಉಗುರಿನಿಂದ ಗೀರು ಎಳೆಯುತ್ತಿತ್ತು. ಎರಡು ಗೀರೆಂದರೆ ಒಂದು ಮದ್ದು, ಮೂರು ಗೀರೆಂದರೆ ಇನ್ನೊಂದು ಮದ್ದು. ಹೆಸರಿಲ್ಲ, ಊರಿಲ್ಲ. ಯಾವ ಎಲೆ ಯಾರದ್ದು ಎಂಬುದು ಅಜ್ಜಿಗೂ ಆ ಎಲೆಯವರಿಗೂ ಮಾತ್ರ ಗೊತ್ತು. ಯಾರಾದರೂ ಕೂಟ ಬಿಟ್ಟು ಹೋದರೆ ಅವರ ಎಲೆಯನ್ನು ಅಜ್ಜಿ ಗೆದ್ದಲಿಗೆ ಹಾಕುತ್ತಿತ್ತು. ಮಾರನೆಯ ದಿನಕ್ಕೆ ಅದು ಮಣ್ಣಾಗಿರುತ್ತಿತ್ತು.

ಕೂಟದಲ್ಲಿ ಒಂದು ನರಿಯೂ ಇತ್ತು. ಅದಕ್ಕೆ ಮೂರ್ಛೆ ಬರುತ್ತಿತ್ತು. ಒಮ್ಮೆ ಎಲ್ಲರ ಮುಂದೆಯೇ ಬಿದ್ದು ಒದ್ದಾಡಿದಾಗ, ಎಚ್ಚರವಾಗುವವರೆಗೆ ಮೊಲವೊಂದು ಅದರ ಪಕ್ಕದಲ್ಲೇ ಕೂತಿತ್ತು. ಮೊಲ ನರಿಯ ಆಹಾರ ಎಂಬುದನ್ನು ಇಲ್ಲಿ ಮರೆಯಬಾರದು.

ಆದರೆ ನರಿ ಆ ಉಪಕಾರವನ್ನು ಮರೆಯಿತು. ಒಂದು ದಿನ ಚಿರತೆ ಅದನ್ನು ಕರೆದು, "ಕಷ್ಟಪಡದೆ ಹಿಡಿಯುವಂಥ ಬೇಟೆ ಯಾವುದು ಅಂತ ತಿಳ್ಕೊಂಡು ಬಾ. ತಿಂದು ಉಳಿದದ್ದೆಲ್ಲ ನಿನಗೆ" ಎಂದಿತು. ನರಿ ಒಪ್ಪಿಕೊಂಡು ನೇರವಾಗಿ ಕೂಟಕ್ಕೆ ಬಂತು.

"ಗುಡ್ಡದಾಚೆ ಒಬ್ಬ ಕರಡಿ ವೈದ್ಯ ಬಂದಿದ್ದಾನೆ. ಜೇನಲ್ಲಿ ಅರೆದ ಮದ್ದನ್ನ ಪುಕ್ಕಟೆ ಕೊಡ್ತಾನಂತೆ. ಯಾರಿಗೆ ಏನು ಕಾಯಿಲೆ, ಯಾರು ಎಲ್ಲಿ ಮಲಗ್ತಾರೆ, ಇಷ್ಟು ಹೇಳಿದ್ರೆ ಸಾಕಂತೆ!" ಎಂದಿತು.

"ನನ್ನ ಸೊಂಟನೋವಿಗೂ ಕೊಡ್ತಾನಾ? ಇಲ್ಲಿ ಬೆನ್ನು ತಿಕ್ಕೋಕೆ ಯಾರೂ ಹತ್ತಿರ ಬರಲ್ಲ ಕಣಯ್ಯಾ" ಎಂದಿತು ಮುಳ್ಳುಹಂದಿ. ಎಲ್ಲರೂ ನಕ್ಕರು. ಜಿಂಕೆ ನಗಲಿಲ್ಲ. ಕಣ್ಣು ಬಂದರೆ ಎಡಗಡೆ ಆಡುವ ಮರಿಯನ್ನು ಮತ್ತೆ ನೋಡಬಹುದು ಎಂಬ ಆಸೆ ಅದಕ್ಕೆ ಹುಟ್ಟಿತ್ತು.

ಚಿಪ್ಪಜ್ಜಿ ಕೇಳಿತು: "ಮದ್ದು ಅರೆಯೋಕೆ ಕಾಯಿಲೆ ಗೊತ್ತಿರಬೇಕು, ಸರಿ. ಮಲಗೋ ಜಾಗ ಯಾಕಪ್ಪಾ?"

"ಮನೆ ಬಾಗಿಲಿಗೇ ತಂದುಕೊಡೋಕೆ ಅಜ್ಜಿ!"

"ನಮಗೆ ಕಾಲಿದೆಯಲ್ಲ. ಆ ವೈದ್ಯನನ್ನ ಇಲ್ಲಿಗೆ ಕರ್ಕೊಂಡು ಬಾ. ಬೇಕಾದೋರು ತಮ್ಮದನ್ನ ತಾವೇ ಹೇಳ್ಕೋತಾರೆ. ಇನ್ನೊಬ್ಬರ ವಿಷಯ ನನ್ನದಲ್ಲ. ನನ್ನದಲ್ಲದ್ದನ್ನ ನಾನು ಹೇಗೆ ಕೊಡ್ಲಿ?"

"ನನ್ನ ಮೇಲೆ ನಂಬಿಕೆ ಇಲ್ವಾ ಅಜ್ಜಿ?"

"ನನ್ನ ಮಗಳೇ ಬಂದು ಕೇಳಿದ್ರೂ ಇದೇ ಮಾತು" ಎಂದಿತು ಅಜ್ಜಿ.

ಎರಡು ದಿನ ಕಳೆದವು. ಕರಡಿ ವೈದ್ಯ ಬರಲಿಲ್ಲ, ಏಕೆಂದರೆ ಅಂಥ ವೈದ್ಯನೇ ಇರಲಿಲ್ಲ. ಮೂರನೆಯ ದಿನ ನರಿಯನ್ನು ಬಿಟ್ಟು ಉಳಿದವರೆಲ್ಲ ಸೇರಿದಾಗ, ಅಜ್ಜಿಯ ಬಿಲವನ್ನು ಯಾರೋ ಅಗೆದು ಹಾಕಿದ್ದರು. ಅದರಲ್ಲಿಟ್ಟಿದ್ದ ಎಲೆಗಳು ಒಂದೂ ಇರಲಿಲ್ಲ.

"ನಿಮ್ಮ ಎಲೆಗಳು ಕಳುವಾಗಿವೆ" ಎಂದು ಅಜ್ಜಿ ಎಲ್ಲರಿಗೂ ಹೇಳಿತು. "ಹೆಸರಿಲ್ಲದ ಗೀರುಗಳು ಯಾರಿಗೂ ಅರ್ಥವಾಗಲ್ಲ. ಆದರೂ ಮುಚ್ಚಿಟ್ಟರೆ ತಪ್ಪಾಗುತ್ತೆ. ಇವತ್ತಿನಿಂದ ಜೋಪಾನವಾಗಿರಿ."

ಜಿಂಕೆ ತಕ್ಷಣ ಎದ್ದು ಮರಿಯ ಬಳಿಗೆ ಓಡಿತು. ದಾರಿಯಲ್ಲಿ ಬಿದಿರು ಮೆಳೆಯ ಆಚೆ ಮಾತು ಕೇಳಿ ಗಕ್ಕನೆ ನಿಂತಿತು. ಅಲ್ಲಿ ನಿದ್ದೆಗೆಟ್ಟ ಚಿರತೆ ಇತ್ತು. ಅದರ ಮುಂದೆ ನರಿ ಎಲೆಗಳನ್ನು ಹರಡಿಕೊಂಡು ನಿಂತಿತ್ತು.

"ಇದೇನೋ ಇದು? ಸೊಪ್ಪು ತಿನ್ನೋಕೆ ನಾನೇನು ಆಡಾ?" ಎಂದು ಚಿರತೆ ಗುಡುಗಿತು.

"ಒಡೆಯಾ, ಇದರಲ್ಲಿ ಒಂದು ಜಿಂಕೆಯದ್ದೂ ಇದೆ..."

"ಯಾವುದು? ಅದಕ್ಕೇನಾಗಿದೆ?"

ನರಿ ಎಲೆಗಳನ್ನು ತಿರುವಿ ಮುರುವಿ ನೋಡಿತು. ಎರಡು ಗೀರು, ಮೂರು ಗೀರು, ಐದು ಗೀರು. ಅದಕ್ಕೆ ಏನೂ ತಿಳಿಯಲಿಲ್ಲ. ಚಿರತೆ ಬೀಸಿ ಹೊಡೆದ ಏಟಿಗೆ ನರಿಯ ಕಿವಿ ಹರಿಯಿತು. "ಇನ್ನೊಮ್ಮೆ ಎಬ್ಬಿಸಿದ್ರೆ ನಿನ್ನನ್ನೇ ತಿಂತೀನಿ!"

ಜಿಂಕೆ ಉಸಿರು ಬಿಗಿಹಿಡಿದು ಹಿಂದೆ ಸರಿಯಿತು. ಮರಿಯನ್ನು ಕರೆದುಕೊಂಡು ಕೂಟಕ್ಕೆ ಬಂದು ಕಂಡದ್ದನ್ನೆಲ್ಲ ಹೇಳಿತು. ಕೊನೆಗೆ ಹೇಳಿತು: "ನರಿಗೆ ಮೂರ್ಛೆ ಬರುತ್ತೆ ಅಂತ ಚಿರತೆಗೆ ಗೊತ್ತಾಗಲಿ. ಕಾಗೆ ಕಿವಿಗೆ ಹಾಕಿದ್ರೆ ಸಾಕು, ಕಾಡೆಲ್ಲ ಸಾರುತ್ತೆ."

"ಬೇಡ" ಎಂದಿತು ಚಿಪ್ಪಜ್ಜಿ.

"ಅವನು ನನ್ನನ್ನ, ನನ್ನ ಮರೀನ ಮಾರೋಕೆ ಹೋಗಿದ್ದ ಅಜ್ಜಿ!"

"ಹೌದಮ್ಮಾ. ಅದಕ್ಕೇ ಅವನಿಗೆ ಇನ್ನು ಇಲ್ಲಿ ಜಾಗ ಇಲ್ಲ. ಆದರೆ ಅವನ ಕಾಯಿಲೆ ನಮಗೆ ಗೊತ್ತಾಗಿದ್ದು ಇಲ್ಲಿ, ನಮ್ಮನ್ನ ನಂಬಿ ಬಂದಾಗ. ಸಿಟ್ಟು ಬಂತು ಅಂತ ಇವತ್ತು ಅವನದನ್ನ ಹೊರಗೆ ಹಾಕಿದ್ರೆ, ನಾಳೆ ನಿನ್ನದನ್ನ ಹಾಕಲ್ಲ ಅಂತ ನೀನು ಹೇಗೆ ನಂಬ್ತೀಯಾ?"

ಜಿಂಕೆಯ ಸಿಟ್ಟು ಇಳಿಯಲಿಲ್ಲ. ಆದರೆ ಕಾಗೆಯ ಬಳಿಗೆ ಹೋಗಲಿಲ್ಲ.

ಮರುದಿನ ನರಿ ಹರಿದ ಕಿವಿ ಹೊತ್ತು ಬಂತು. ಯಾರೂ ಜರುಗಿ ಜಾಗ ಕೊಡಲಿಲ್ಲ. "ನೀನು ಮಾಡಿದ್ದು ಗೊತ್ತಾಗಿದೆ. ನಿನ್ನ ಮದ್ದಿನ ಬೇರು ಹಳ್ಳದ ಕೆಳಗೆ ಬೆಳೆಯುತ್ತೆ, ಕಿತ್ಕೊಂಡು ತಿನ್ನು. ಇಲ್ಲಿಗೆ ಬರಬೇಡ" ಎಂದಿತು ಅಜ್ಜಿ.

ನರಿ ಪಿಸುಗುಟ್ಟಿತು: "ನನ್ನ ವಿಷಯ ಯಾರ್ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ."

ನರಿ ನಂಬಲಿಲ್ಲ. ಏಕೆಂದರೆ ಅವರ ಜಾಗದಲ್ಲಿ ತಾನಿದ್ದರೆ ಖಂಡಿತ ಹೇಳುತ್ತಿತ್ತು. ಅಂದಿನಿಂದ ಕಾಗೆ ಕೂಗಿದರೆ ತನ್ನ ಸುದ್ದಿಯೇ ಎನಿಸಿತು. ಎಲೆ ಸರಿದರೆ ಚಿರತೆ ಎನಿಸಿತು. ನಿದ್ದೆ ಕೆಟ್ಟಿತು. ನಿದ್ದೆ ಇಲ್ಲದೆ ಮೂರ್ಛೆ ಹೆಚ್ಚಿತು. ಬಿದ್ದಾಗ ಪಕ್ಕದಲ್ಲಿ ಕೂರಲು ಯಾರೂ ಇರಲಿಲ್ಲ. ಕೊನೆಗೆ ಒಂದು ದಿನ ಅದು ಆ ಕಾಡನ್ನೇ ಬಿಟ್ಟು ಓಡಿಹೋಯಿತು. ಯಾರೂ ಆಡದ ಮಾತಿಗೆ ಹೆದರಿ ಓಡಿತು.

ಈ ಸುದ್ದಿ ಕೂಟಕ್ಕೆ ಬಂದಾಗ ಯಾರೂ ಹಿಗ್ಗಲಿಲ್ಲ. ಆಗ ಜಿಂಕೆ ಗಂಟಲು ಸರಿಮಾಡಿಕೊಂಡಿತು. ಯಾರೂ ಕೇಳಿರಲಿಲ್ಲ. ತಾನಾಗಿಯೇ ಹೇಳಿತು:

"ನನಗೆ ಎಡಗಣ್ಣು ಕಾಣಲ್ಲ."

ಮೊಲ ಎದ್ದು ಹೋಗಿ ಜಿಂಕೆಯ ಎಡಗಡೆ ಕೂತಿತು.

ನೀತಿ: ನಂಬಿ ಹೇಳಿದ ಗುಟ್ಟು ಹೇಳಿದವರಿಗೇ ಸೇರಿದ್ದು, ಅವರು ನಮಗೆ ಕೇಡು ಮಾಡಿದರೂ ಅದನ್ನು ಹೊರಹಾಕುವ ಹಕ್ಕು ನಮಗಿಲ್ಲ. ಇತರರ ಗುಟ್ಟು ಮಾರಲು ಹೊರಟವನು ತನ್ನ ನೆಮ್ಮದಿಯನ್ನೇ ಕಳೆದುಕೊಳ್ಳುತ್ತಾನೆ.