ಇನ್ನೊಂದೇ ಏಟು

ಕಾಡಂಚಿನ ಅತ್ತಿಮರದಲ್ಲಿ ಚೂಪಣ್ಣ ಎಂಬ ಮರಕುಟಿಗ ಇದ್ದ. ಅವನ ಕಸುಬು ಏನು ಗೊತ್ತೇ ಮಕ್ಕಳೇ? ಮನೆ ಬೇಕೆಂದವರಿಗೆಲ್ಲ ಮರದಲ್ಲಿ ಪೊಟರೆ ಕೊರೆದು ಕೊಡುವುದು. ಅವನಿಗೆ ಯಜಮಾನನೂ ಇಲ್ಲ, ಆಳೂ ಇಲ್ಲ. ಯಾರು ಕೇಳಿದರೂ ‘ಇಲ್ಲ’ ಅನ್ನಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಈ ಸಲ ಅಳಿಲು ಕೇಳಿತು, ಒಪ್ಪಿಕೊಂಡ. ಗೂಬೆ ಕೇಳಿತು, ಅದಕ್ಕೂ ಒಪ್ಪಿಕೊಂಡ. ಆಮೇಲೆ ಪಚ್ಚಮ್ಮ ಎಂಬ ಗಿಣಿ ತುಂಬಿದ ಹೊಟ್ಟೆ ಹೊತ್ತು ಬಂದಳು.

“ನಾಲ್ಕೇ ದಿನ ಚೂಪಣ್ಣ! ಅಷ್ಟರಲ್ಲಿ ಪೊಟರೆ ಆಗದಿದ್ದರೆ ನನ್ನ ಮೊಟ್ಟೆ ನೆಲದ ಪಾಲು.”

“ಆಯ್ತು ತಾಯಿ” ಎಂದ. ಆಮೇಲೆ ಲೆಕ್ಕ ಹಾಕಿದ. ಇರೋದು ಒಂದು ಕೊಕ್ಕು, ಕೊರೆಯಬೇಕಾದದ್ದು ಮೂರು ಮರ!

ಪಕ್ಕದ ಮರದ ಕುಟ್ರುಹಕ್ಕಿ ಕುಟ್ರವ್ವನಿಗೂ ಪೊಟರೆ ಕೊರೆಯಲು ಬರುತ್ತಿತ್ತು. “ಗಿಣಿಯದ್ದು ನನಗೆ ಬಿಡೋ ಮಾರಾಯ, ಉಳಿದದ್ದು ನೀನು ನೋಡಿಕೋ” ಎಂದಳು.

ಬೇರೆ ದಾರಿಯಿಲ್ಲದೆ ಚೂಪಣ್ಣ ಒಪ್ಪಿದ. ಒಪ್ಪಿದ್ದು ಬಾಯಿ ಮಾತ್ರ, ಮನಸ್ಸಲ್ಲ!

ಅಳಿಲಿನ ಮರಕ್ಕೆ ನಾಲ್ಕು ಏಟು ಹಾಕುವಷ್ಟರಲ್ಲಿ ಅವನ ಕಿವಿ ಗಿಣಿಯ ಮರದತ್ತ ಓಡುತ್ತಿತ್ತು. ‘ಸದ್ದು ಯಾಕೆ ನಿಂತಿತು? ಕೆಡಿಸಿಬಿಟ್ಟಳೇ? ನನ್ನ ಹೆಸರು ಹೋಯಿತೇ?’ ತಡೆಯಲಾರದೆ ಹಾರಿಹೋಗಿ ಇಣುಕುತ್ತಿದ್ದ.

“ಕುಟ್ರವ್ವ, ಬಾಗಿಲು ಸೊಟ್ಟ ಅಲ್ವಾ?”

“ಇಲ್ಲಪ್ಪಾ.”

“ಆಳ ಸಾಲದು ಅಲ್ವಾ?”

“ಸಾಕು. ಇನ್ನು ಹಿಂದೆ ಉಳಿದಿರೋದು ಬರೀ ತೊಗಟೆ. ನಿನ್ನ ಕೆಲಸ ನೋಡು ಹೋಗು, ಪುಣ್ಯಾತ್ಮ!”

ಹೋದ. ಮತ್ತೆ ಬಂದ. ಹೀಗೇ ಮೂರು ದಿನ ಕಳೆಯಿತು. ಅಳಿಲಿನ ಪೊಟರೆ ಗೇಣುದ್ದವೂ ಆಗಲಿಲ್ಲ, ಗೂಬೆಯದ್ದಂತೂ ಶುರುವೇ ಆಗಲಿಲ್ಲ.

ನಾಲ್ಕನೆಯ ದಿನ ಗಿಣಿಯ ಪೊಟರೆ ಮುಗಿಯಿತು. ಕುಟ್ರವ್ವ ಹಣ್ಣು ತಿನ್ನಲು ಅತ್ತ ಹೋದದ್ದೇ ತಡ, ಚೂಪಣ್ಣ ಇತ್ತ ಒಳಹೊಕ್ಕ. ಕೊಕ್ಕು ಸುಮ್ಮನಿರಬೇಕಲ್ಲ! “ಇನ್ನೊಂದೇ ಏಟು” ಎಂದ.

ಟಕ್!

ಹಿಂದಿನ ತೊಗಟೆ ಕಿತ್ತುಹೋಗಿ ಆಚೆಯ ಆಕಾಶ ಕಂಡಿತು.

ಅದೇ ಹೊತ್ತಿಗೆ ಪಚ್ಚಮ್ಮ ಬಂದಳು. “ಅಯ್ಯೋ ಪಾಪಿ! ಇವತ್ತೇ ಮೊಟ್ಟೆ ಇಡಬೇಕಲ್ಲೋ! ಎಲ್ಲಿಡಲಿ?” ಎಂದು ಗೊಳೋ ಎಂದು ಅತ್ತಳು.

ಚೂಪಣ್ಣ ಪುರ್ರನೆ ಹೊರಗೆ ಹಾರಿಬಂದ. “ನನ್ನ ಮನೆಗೆ ಬಾ ತಾಯಿ, ಬೇಗ ಬಾ” ಎಂದ. ಸಂಜೆ ಮಳೆ ಸುರಿದಾಗ ಪಚ್ಚಮ್ಮನ ಮೊಟ್ಟೆ ಅವನ ಪೊಟರೆಯೊಳಗೆ ಬೆಚ್ಚಗಿತ್ತು. ಅವನು ಮಾತ್ರ ಹೊರಗೆ ಕಾಂಡಕ್ಕೆ ಅಂಟಿಕೊಂಡು ನೆನೆದು ತೊಪ್ಪೆಯಾಗಿದ್ದ.

ಬೆಳಗ್ಗೆ ಸೀನುತ್ತಲೇ ಕುಟ್ರವ್ವನ ಬಳಿ ಹೋದ. “ತಪ್ಪಾಯ್ತು ಕಣವ್ವ. ಗೂಬೆಯ ಪೊಟರೆ ನೀನೇ ಕೊರೆದುಕೊಡು.”

“ಕೊಡ್ತೀನಿ. ಆ ಕೆರೆ ಪಕ್ಕದ...”

“ಅಯ್ಯಯ್ಯೋ, ಯಾವ ಮರ ಅಂತ ಹೇಳಬೇಡ!” ಚೂಪಣ್ಣ ರೆಕ್ಕೆಯಿಂದ ಕಿವಿ ಮುಚ್ಚಿಕೊಂಡ. “ಗೊತ್ತಾದರೆ ಬಂದುಬಿಡ್ತೀನಿ!”

ನೀತಿ: ಕೆಲಸ ಒಪ್ಪಿಸುವಾಗ ನಂಬಿಕೆಯನ್ನೂ ಜೊತೆಗೇ ಒಪ್ಪಿಸಬೇಕು, ಇಲ್ಲವಾದರೆ ಒಪ್ಪಿಸಿದ್ದೂ ಕೆಡುತ್ತದೆ, ಉಳಿಸಿಕೊಂಡದ್ದೂ ಕೆಡುತ್ತದೆ.