ಕರೆವ್ವ ತೋರಿಸದ ಮೂರು ಎಲೆ

ನಮ್ಮ ಆಯಿ ಹೇಳುತ್ತಿದ್ದ ಕಥೆಯಲ್ಲಿ ಇಸ್ಪೀಟಾಟಕ್ಕೆ ಕೂತ ಕರೆವ್ವನ ಕೈಗೆ ಮೂರು ಎಕ್ಕ ಬಂದಿದ್ದವು. ಬೀರದೇವರೇ ಎಲೆಗಳನ್ನು ಬದಲಿಸಿದನಂತೆ. ಆದರೆ ಅದೇ ಉಸಿರಿನಲ್ಲಿ ಆಯಿ, ಆ ಎಲೆಗಳನ್ನು ಕರೆವ್ವ ಯಾರಿಗೂ ತೋರಿಸಲಿಲ್ಲವೆಂದೂ ಹೇಳುತ್ತಿದ್ದಳು. ಯಾರೂ ನೋಡದ ಎಲೆಗಳು ಎಕ್ಕವೆಂದು ತಿಳಿದದ್ದು ಹೇಗೆ ಎಂದು ನಾನೊಮ್ಮೆ ಕೇಳಿದೆ. "ಕಥಿ ಕೇಳಾಕ ಕುಂತೀಯೇನ, ನ್ಯಾಯ ಮಾಡಾಕ ಕುಂತೀಯೇನ?" ಎಂದು ಆಯಿ ನನ್ನ ತಲೆಗೆ ಮೊಟಕಿದಳು. ಈಗ ಹೇಳುವ ಸರದಿ ನನ್ನದು. ನೀವು ಬೇಕಾದ್ದನ್ನು ಕೇಳಬಹುದು, ನಾನು ಮೊಟಕುವುದಿಲ್ಲ.

ಬಹಳ ಹಿಂದೆ, ಎರೆಗುಡ್ಡದ ಬುಡದಲ್ಲಿ, ಕಂಬಳಿಹಾಳವೆಂಬ ಹಟ್ಟಿಯಿತ್ತು. ಅಲ್ಲಿಯವರು ಕುರಿ ಕಾಯುತ್ತಿದ್ದರು, ಉಣ್ಣೆ ನೂಲುತ್ತಿದ್ದರು, ಕಂಬಳಿ ನೇಯುತ್ತಿದ್ದರು. ಗುಡ್ಡದ ಹುಲ್ಲಿದ್ದರೆ ಕುರಿ, ಕುರಿಯಿದ್ದರೆ ಉಣ್ಣೆ, ಉಣ್ಣೆಯಿದ್ದರೆ ಹಟ್ಟಿ. ಆ ಹಟ್ಟಿಯಲ್ಲಿ ಕರೆವ್ವನೆಂಬ ಹೆಣ್ಣುಮಗಳಿದ್ದಳು. ಅವಳ ಕೈಯಲ್ಲಿ ನೂಲುವ ಕದಿರು ನಿಂತದ್ದನ್ನು ಕಂಡವರಿಲ್ಲ ಎನ್ನುತ್ತಾರೆ. ನಡೆಯುವಾಗಲೂ ನೂಲುತ್ತಿದ್ದಳು, ಮಾತಾಡುವಾಗಲೂ ನೂಲುತ್ತಿದ್ದಳು, ಜಗಳವಾಡುವಾಗಲೂ ನೂಲುತ್ತಿದ್ದಳು ಎನ್ನುತ್ತಾರೆ.

ಹಟ್ಟಿಯಿಂದ ಎರಡು ಹರದಾರಿ ದೂರದ ಕೋಟೆಯಲ್ಲಿ ಒಬ್ಬ ದೇಸಾಯಿಯಿದ್ದ. ಮೂರೆಲೆಯ ಆಟದಲ್ಲಿ ಅವನು ಸೋತದ್ದೇ ಇಲ್ಲವಂತೆ. ಎದುರಿಗೆ ಕೂತವರ ಎಲೆಯನ್ನಲ್ಲ, ಮುಖವನ್ನು ಓದುತ್ತಿದ್ದನಂತೆ. ಹೀಗೆ ಆಡಿಯೇ ಒಬ್ಬರ ಹುಣಸೆ ತೋಪನ್ನೂ ಇನ್ನೊಬ್ಬರ ಬಾವಿಯನ್ನೂ ತನ್ನದಾಗಿಸಿಕೊಂಡಿದ್ದ. ಒಂದು ವರ್ಷ ಅವನ ಕಣ್ಣು ಎರೆಗುಡ್ಡದ ಹುಲ್ಲಿನ ಮೇಲೆ ಬಿತ್ತು. ದೀಪಾವಳಿಯ ಮೂರು ದಿನ ಆಡೋಣ, ನೀವು ಗೆದ್ದರೆ ಗುಡ್ಡ ಎಂದೆಂದಿಗೂ ನಿಮ್ಮದು, ನಾನು ಗೆದ್ದರೆ ಗುಡ್ಡವೂ ನನ್ನದು, ಹಟ್ಟಿಯ ನಲವತ್ತು ಕುರಿಯೂ ನನ್ನವು ಎಂದು ಹೇಳಿ ಕಳುಹಿಸಿದ. ಆಡದಿದ್ದರೆ ನಾಳೆಯೇ ಗುಡ್ಡಕ್ಕೆ ಮುಳ್ಳುಬೇಲಿ ಬೀಳುತ್ತದೆ ಎಂದೂ ಹೇಳಿದ.

ಹಟ್ಟಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾತ್ರಿ ಕುರಿ ತರುಬಿ ನಿಲ್ಲಿಸುವ ಹೊಲಗಳಲ್ಲಿ ತಂದೆಯ ಜೊತೆ ಮೂರೆಲೆ ಆಡಿ ಬೆಳೆದವಳು ಕರೆವ್ವ ಒಬ್ಬಳೇ. ಬೀರದೇವರು ಕನಸಿನಲ್ಲಿ ಬಂದು ಆಟ ಕಲಿಸಿದನೆನ್ನುವವರೂ ಇದ್ದಾರೆ. ಎಂಟು ವರ್ಷ ತಂದೆಯ ಕೈಯಲ್ಲಿ ಸೋತವಳಿಗೆ ಕನಸಿನ ಅಗತ್ಯವಿತ್ತೆಂದು ನನಗೆ ಅನಿಸುವುದಿಲ್ಲ.

ಗುಡ್ಡದ ಬುಡದಲ್ಲಿ ಹಲಗೆ ಹಾಕಿದರು. ಇಬ್ಬರಿಗೂ ನಲವತ್ತು ನಲವತ್ತು ಹುಣಸೆ ಬೀಜ ಎಣಿಸಿ ಕೊಟ್ಟರು. ಪ್ರತಿ ಆಟಕ್ಕೂ ಮೊದಲು ಇಬ್ಬರೂ ಒಂದೊಂದು ಬೀಜ ನಡುವೆ ಇಡಬೇಕು. ಎಲೆ ನೋಡಿಕೊಂಡು ಬೀಜ ಏರಿಸಬಹುದು. ಎದುರಿನವರು ಅಷ್ಟೇ ಬೀಜ ಇಟ್ಟರೆ ಎಲೆ ತೋರಿಸಬೇಕು, ಇಟ್ಟು ಮೇಲೆ ಇನ್ನಷ್ಟು ಏರಿಸಿದರೆ ಆಟ ಮುಂದುವರಿಯುತ್ತದೆ. ಇಡಲಾರದೆ ಎಲೆ ಚೆಲ್ಲಿದರೆ ನಡುವಿನ ಬೀಜವೆಲ್ಲ ಏರಿಸಿದವರದು, ಆಗ ಎಲೆ ತೋರಿಸಬೇಕಾಗಿಲ್ಲ. ಮೂರನೆಯ ದಿನ ಗುಡ್ಡದ ನೆರಳು ಹಲಗೆ ಮುಟ್ಟಿದಾಗ ಯಾರ ಬಳಿ ಹೆಚ್ಚು ಬೀಜವಿದೆಯೋ ಅವರು ಗೆದ್ದಂತೆ.

ಕರೆವ್ವ ಕದಿರು ಹಿಡಿದೇ ಕೂತಳು. ದೇಸಾಯಿ ನಕ್ಕ. "ಏನವ್ವಾ, ಆಟ ಮುಗಿಯೂದ್ರಾಗ ಕಂಬಳಿ ನೇದು ಹೊದಿಸ್ತೀ ಏನ ನನಗ?" ಎಂದನಂತೆ. "ಚಳಿ ಯಾರಿಗೆ ಹತ್ತತೈತೋ ನೋಡೂಣು, ದಣಿ" ಎಂದಳಂತೆ ಕರೆವ್ವ.

ಮೊದಲ ದಿನದ ಮಧ್ಯಾಹ್ನದೊಳಗೆ ದೇಸಾಯಿ ಒಂದನ್ನು ಗಮನಿಸಿದ. ಎಲೆ ಕೆಟ್ಟದಾಗಿದ್ದರೆ ಅವಳ ಕದಿರು ತಿರುಗುತ್ತಲೇ ಇರುತ್ತಿತ್ತು. ಎಲೆ ಒಳ್ಳೆಯದು ಬಂದರೆ ಕದಿರು ನಿಂತು, ಹಲಗೆಯ ಅಂಚಿಗೆ ಬಂದು ಮಲಗುತ್ತಿತ್ತು. ಅಲ್ಲಿಂದ ಮುಂದೆ ದೇಸಾಯಿಗೆ ಮುಖ ಓದುವ ಕೆಲಸ ಉಳಿಯಲಿಲ್ಲ. ಕದಿರು ತಿರುಗಿದಾಗ ಏರಿಸಿದ. ಅವಳು ಎಲೆ ಚೆಲ್ಲಿದಳು. ಕದಿರು ಮಲಗಿದಾಗ ಅವನು ಎಲೆ ಚೆಲ್ಲಿದ. ಎರಡನೆಯ ದಿನ ಅವಳಿಗೆ ಮೂರು ರಾಜರು ಒಟ್ಟಿಗೆ ಬಂದರು. ಕದಿರನ್ನು ಮಲಗಿಸಿದಳು. ಅಂಥ ಎಲೆಗೂ ಸಿಕ್ಕದ್ದು ದೇಸಾಯಿಯ ಒಂದೇ ಬೀಜ. ತೋರಿಸಬೇಕಾಗಿಲ್ಲದಿದ್ದರೂ ಆ ರಾಜರನ್ನು ಅವಳು ಮಗುಚಿ ತೋರಿಸಿದಳು.

ಅಂದು ಅವಳ ಮೈದುನ ಮಾಳಿಂಗ ತಡೆಯಲಾರದೆ ಕೂಗಿದನಂತೆ. "ಅತ್ತಿಗೆವ್ವಾ, ಆ ಹಾಳ ಕದಿರ ಬಿಸಾಕು! ನಿನ್ನ ಎಲಿ ನಿನ್ನಕಿಂತ ಮೊದಲು ದಣಿಗೆ ಗೊತ್ತಾಗತಾವು!"

"ಗೊತ್ತಾಗಲಿ ಬಿಡೋ" ಎಂದಳಂತೆ ಕರೆವ್ವ.

ಇನ್ನೊಂದನ್ನು ದೇಸಾಯಿ ಗಮನಿಸಲಿಲ್ಲ. ಪ್ರತಿ ಆಟ ಮುಗಿದಾಗಲೂ ಕರೆವ್ವ ನೂಲಿಗೊಂದು ಗಂಟು ಹಾಕುತ್ತಿದ್ದಳು. ಎಳೆ ಹರಿದಿರಬೇಕು, ಕೂಡಿಸುತ್ತಿದ್ದಾಳೆ ಎಂದುಕೊಂಡರು ನೋಡಿದವರು. ಗುಡ್ಡದ ನೆರಳು ಮೊದಲು ಗುಡ್ಡದ ಕಡೆಗಿರುವ ಕರಿಬಂಡೆಗೆ ಬರುತ್ತದೆ, ಆಮೇಲೆ ಹಲಗೆಗೆ. ಕರಿಬಂಡೆಯಿಂದ ಹಲಗೆಗೆ ಬರುವಷ್ಟರಲ್ಲಿ ಎಷ್ಟು ಆಟ? ಮೊದಲ ದಿನ ಐದು ಗಂಟು. ಎರಡನೆಯ ದಿನವೂ ಐದು ಗಂಟು.

ಮೂರನೆಯ ದಿನ ನೆರಳು ಕರಿಬಂಡೆಗೆ ಬಂದಾಗ ದೇಸಾಯಿಯ ಬಳಿ ನಲವತ್ತೇಳು ಬೀಜವಿತ್ತು, ಕರೆವ್ವನ ಬಳಿ ಮೂವತ್ತಮೂರು. ಹಟ್ಟಿಯ ಹೆಂಗಸರು ಆಗಲೇ ಕುರಿಗಳ ಮೈ ತಡವುತ್ತ ಅಳುತ್ತಿದ್ದರು ಎನ್ನುತ್ತಾರೆ. ಎಲೆ ಹಂಚಿದರು. ದೇಸಾಯಿಗೆ ಎರಡು ರಾಣಿ ಬಂದವು. ಕರೆವ್ವ ತನ್ನ ಎಲೆ ನೋಡಿದಳು, ಬೋರಲು ಹಾಕಿದಳು, ನೂಲತೊಡಗಿದಳು. ಕದಿರು ತಿರುಗುತ್ತಿತ್ತು. ದೇಸಾಯಿ ಏರಿಸಿದ. ಅವಳು ಎಲೆ ಚೆಲ್ಲಲಿಲ್ಲ. ತಾನೂ ಇಟ್ಟು, ಮೇಲೊಂದು ಏರಿಸಿದಳು. ಕದಿರು ತಿರುಗುತ್ತಿತ್ತು. ಅವನು ಮತ್ತೆ ಏರಿಸಿದ. ಹೀಗೆ ಇಬ್ಬರದೂ ಹನ್ನೆರಡು ಹನ್ನೆರಡು ಬೀಜ ನಡುವೆ ಸೇರಿದವು.

ಆಗ ಕದಿರು ನಿಂತಿತು. ಹಲಗೆಯ ಅಂಚಿಗೆ ಬಂದು ಮಲಗಿತು. ಕರೆವ್ವ ಉಳಿದ ಇಪ್ಪತ್ತೊಂದು ಬೀಜವನ್ನೂ ಎರಡೂ ಕೈಯಿಂದ ನಡುವಿಗೆ ದೂಡಿದಳು.

ದೇಸಾಯಿ ಬಹಳ ಹೊತ್ತು ಕದಿರನ್ನೇ ನೋಡಿದ. ಇಷ್ಟು ಹೊತ್ತು ತನ್ನನ್ನು ಒಳಗೆಳೆಯಲು ಸುಳ್ಳೇ ನೂತಳು, ಕಡೆಗೆ ಕೈಯ ಅಭ್ಯಾಸ ಅವಳ ಗುಟ್ಟು ಬಿಟ್ಟುಕೊಟ್ಟಿತು ಎಂದು ಬಗೆದನೋ ಏನೋ. ಮೂರು ದಿನದಲ್ಲಿ ಆ ಕದಿರು ಮಲಗಿ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಅವನು ರಾಣಿಯರನ್ನು ಚೆಲ್ಲಿದ. "ಹೋಗಲಿ. ಇನ್ನೂ ಹೊತ್ತೈತಿ" ಎಂದನಂತೆ.

ಆಯಿಯ ಕಥೆ ಇಲ್ಲಿಗೇ ಮುಗಿಯುತ್ತಿತ್ತು: ಮೂರು ಎಕ್ಕ, ದೇವರ ಜಯಕಾರ. ಆದರೆ ನೀವೇ ಎಣಿಸಿ ನೋಡಿ. ಕರೆವ್ವನ ಬಳಿ ಈಗ ನಲವತ್ತೈದು, ದೇಸಾಯಿಯ ಬಳಿ ಮೂವತ್ತೈದು. ನೆರಳು ಹಲಗೆಗೆ ಬರಲು ಇನ್ನೂ ನಾಲ್ಕು ಆಟ. ಗೆದ್ದದ್ದು ಆ ನಾಲ್ಕರಲ್ಲಿ.

ಎಲೆ ಹಂಚಿದರು. ಕರೆವ್ವ ಒಂದು ಬೀಜ ಇಟ್ಟಳು, ಎಲೆಯನ್ನು ಎತ್ತಿಯೂ ನೋಡದೆ ಚೆಲ್ಲಿದಳು. ಮತ್ತೆ ಹಂಚಿದರು. ಮತ್ತೆ ಒಂದು ಬೀಜ ಇಟ್ಟಳು, ಮತ್ತೆ ಚೆಲ್ಲಿದಳು. ದೇಸಾಯಿಗೆ ಮೂರು ಗುಲಾಮರು ಬಂದರಂತೆ. ಏರಿಸಲು ಎದುರಿಗೆ ಯಾರೂ ಇರಲಿಲ್ಲ. "ಆಡವ್ವಾ! ಕುಂತಾಕಿ ಆಡಬೇಕು!" ಎಂದು ಹಲಗೆ ಗುದ್ದಿದನಂತೆ. "ಎಲಿ ಬರವಲ್ಲವು, ದಣಿ" ಎಂದಳಂತೆ ಅವಳು, ನೂಲುತ್ತ. ಆಡಲು ಕೂತವರು ಆಡದೆಯೂ ಇರಬಲ್ಲರು ಎಂಬುದು ಜೀವಮಾನದಲ್ಲಿ ಅವನಿಗೆ ಹೊಳೆದಿರಲಿಲ್ಲ. ನಾಲ್ಕನೆಯ ಗಂಟು ಬಿದ್ದಾಗ ನೆರಳು ಹಲಗೆ ಮುಟ್ಟಿತು. ನಲವತ್ತೊಂದು, ಮೂವತ್ತೊಂಬತ್ತು.

ದೇಸಾಯಿ ಎದ್ದು ನಿಂತು, ಇಪ್ಪತ್ತೊಂದು ಬೀಜ ದೂಡಿದಾಗಿನ ಎಲೆ ಯಾವುವು ಎಂದು ಕೇಳಿದ. ಕರೆವ್ವ ಹೇಳಲಿಲ್ಲ. ಮುಂದಿನ ವರ್ಷ ಮತ್ತೆ ಬರುತ್ತೇನೆ, ಮತ್ತೆ ಆಡಲೇಬೇಕು ಎಂದ. ಅವಳು ಗುಡಿಸಲಿನೊಳಗೆ ಹೋಗಿ, ಕಂಬಳಿಯ ತುಂಡಿನಲ್ಲಿ ಹೊಲಿದ ಅಂಗೈಯಗಲದ ಪೊಟ್ಟಣವೊಂದನ್ನು ಹಿಡಿದು ಬಂದಳು. ಆ ಮೂರು ಎಲೆಗಳನ್ನು ಅವಳು ಆಗಲೇ ಪಕ್ಕಕ್ಕೆ ಸರಿಸಿಟ್ಟಿದ್ದಳು ಎನ್ನುತ್ತಾರೆ ಹಲವರು. ಕಟ್ಟಿನೊಳಗೆ ಕಲಸಿಬಿಟ್ಟಿದ್ದಳು ಎನ್ನುತ್ತಾರೆ ಕೆಲವರು.

"ಎಲಿ ಇದರಾಗ ಅದಾವು, ದಣಿ. ಮತ್ತ ಆಡೂದಾದ್ರ ಮೊದಲ ಇದನ್ನ ಬಿಚ್ಚೂಣು. ಎಲಿ ಹುಸಿ ಇದ್ದರ ಗುಡ್ಡ ನಿಮ್ದು. ಖರೆ ಇದ್ದರ ಕೋಟಿ ಮುಂದಿನ ಎರಿ ಹೊಲ ನಮ್ದು. ಬಿಚ್ಚಲೇನು?"

ದೇಸಾಯಿ ಪೊಟ್ಟಣದತ್ತ ಕೈ ಚಾಚಿದ ಎನ್ನುತ್ತಾರೆ. ಅವಳ ಮುಖ ನೋಡಿದ ಎನ್ನುತ್ತಾರೆ. ಕದಿರು ಎಲ್ಲಿದೆ ಎಂದು ಹುಡುಕಿದ, ಅದು ಅವಳ ಕೈಯಲ್ಲಿರಲಿಲ್ಲ ಎನ್ನುತ್ತಾರೆ. ಕುದುರೆ ಹತ್ತಿ ಹೋದ. ಮುಂದಿನ ವರ್ಷ ಬರಲಿಲ್ಲ. ಅವನ ಮಗನೊಮ್ಮೆ ಬಂದ, ಮೊಮ್ಮಗನೊಮ್ಮೆ ಬಂದ. ಹಟ್ಟಿಯ ಹಿರಿಯರು ಪೊಟ್ಟಣ ಮುಂದಿಟ್ಟು ಅದೇ ಮಾತು ಕೇಳಿದರು. ಅವರೂ ಕುದುರೆ ಹತ್ತಿ ಹೋದರು.

ಎರೆಗುಡ್ಡದಲ್ಲಿ ಇಂದಿಗೂ ಬೇಲಿಯಿಲ್ಲ. ದೀಪಾವಳಿಯ ಮೂರನೆಯ ದಿನ ಹಟ್ಟಿಯವರು ಹುಣಸೆ ಬೀಜವಿಟ್ಟು ಮೂರೆಲೆ ಆಡುತ್ತಾರೆ. ನೆರಳು ಕರಿಬಂಡೆಗೆ ಬಂದ ಮೇಲೆ ಕಡೆಯ ನಾಲ್ಕು ಆಟ ಯಾರೂ ಎಲೆ ಎತ್ತುವುದಿಲ್ಲ; ಹಂಚುತ್ತಾರೆ, ಚೆಲ್ಲುತ್ತಾರೆ. ಆಮೇಲೆ ಬೀರದೇವರ ಗುಡಿಯಲ್ಲಿ ತೂಗುಹಾಕಿದ ಪೊಟ್ಟಣಕ್ಕೆ ಅರಿಸಿನ ಹಚ್ಚಿ, ಅದನ್ನು ಮುಟ್ಟಿ, ಗುಡ್ಡ ಮಾರುವುದಿಲ್ಲವೆಂದು ಆಣೆ ಮಾಡುತ್ತಾರೆ. ಹೊಲಿಗೆಯನ್ನು ಈವರೆಗೆ ಯಾರೂ ಬಿಚ್ಚಿಲ್ಲ.

ನಾನೂ ಬಿಚ್ಚಲಿಲ್ಲ. ಆದರೆ ಅಂದು ಆಡಿದ ಎಲೆಗಳ ಕಟ್ಟು ಅದೇ ಗುಡಿಯ ಪೆಟ್ಟಿಗೆಯಲ್ಲಿದೆ. ಒಂದೊಂದು ಎಲೆಯ ಅಂಚಿಗೂ ಉಣ್ಣೆಯ ಜಿಡ್ಡಿನ ಒಂದೇ ಬಗೆಯ ಕಂದು ಕಲೆಯಿದೆ. ಪೊಟ್ಟಣದೊಳಗೆ ಮೂರು ಎಲೆಗಳಿದ್ದರೆ ಪೆಟ್ಟಿಗೆಯಲ್ಲಿ ನಲವತ್ತೊಂಬತ್ತು ಇರಬೇಕು, ಯಾವ ಮೂರು ಇಲ್ಲವೆಂದು ನೋಡಿದರೆ ಕರೆವ್ವನ ಕೈಯಲ್ಲಿ ಏನಿತ್ತೆಂಬುದು ತಿಳಿಯುತ್ತದೆ ಎಂದುಕೊಂಡು, ಪೂಜಾರಿಯ ಅನುಮತಿ ಪಡೆದು, ಹಗಲು ಬೆಳಕಿನಲ್ಲಿ, ಗುಡಿಯ ಕಟ್ಟೆಯ ಮೇಲೆ ಬಣ್ಣಬಣ್ಣಕ್ಕೆ ಬೇರ್ಪಡಿಸಿ ಎರಡು ಸಲ ಎಣಿಸಿದೆ. ಇಸ್ಪೀಟು ಹದಿಮೂರು, ಆಟೀನು ಹದಿಮೂರು, ಡೈಮಂಡ್ ಹದಿಮೂರು, ಕಳಾವರ ಹದಿಮೂರು. ಐವತ್ತೆರಡೂ ಇದ್ದವು.