ತಳ್ಳಿದರೂ ಹೊರಡದ ಗಾಡಿ

ಹಾಲಪ್ಪ ಎಂಬ ಶಿಷ್ಯ ಗುರುಗಳನ್ನು ಕೇಳಿದ.

"ಬುದ್ಧಿ, ನನ್ನ ಮನೆಯವಳು ತೀರಿಕೊಂಡ ದಿನ ಬೆಳಿಗ್ಗೆ ಎದ್ದು ಹಾಸಿಗೆ ಮಡಿಸಿಟ್ಟಳು. ಮಧ್ಯಾಹ್ನಕ್ಕೆ ಇಲ್ಲವಾದಳು. ಆ ಹಾಸಿಗೆಯನ್ನು ನಾನು ಇವತ್ತಿನವರೆಗೂ ಬಿಚ್ಚಿಲ್ಲ. ಅವಳು ಮಡಿಸಿದ್ದು ಹಾಗೇ ಇರಲಿ ಅಂತ ಬರೀ ನೆಲದ ಮೇಲೆ ಮಲಗುತ್ತೇನೆ. ಮಗಳು ಬಂದಾಗಲೆಲ್ಲ ಬೈಯುತ್ತಾಳೆ. ನಾನು ಮಾಡುತ್ತಿರುವುದು ತಪ್ಪಾ?"

ಗುರುಗಳು ತಪ್ಪು ಅನ್ನಲಿಲ್ಲ. ಸರಿ ಅಂತಲೂ ಅನ್ನಲಿಲ್ಲ. ಕೂತುಕೋ ಎಂದು ಕತೆ ಹೇಳಿದರು.

ಒಂದು ಊರಲ್ಲಿ ಒಬ್ಬ ಪಾತ್ರೆ ವ್ಯಾಪಾರಿ. ಅವನ ಹೆಂಡತಿಗೆ ಕಾರು ಓಡಿಸುವ ಆಸೆ. ಆದರೆ ಎಡಗಾಲಿನ ಮಂಡಿ ನೋವು, ಕ್ಲಚ್ಚು ತುಳಿಯಲಾಗದು. ವ್ಯಾಪಾರಿ ಅಲ್ಲಿ ಇಲ್ಲಿ ವಿಚಾರಿಸಿ ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್ ಗಾಡಿ ತಂದ. ಅವಳು ಕಲಿತಳು. ಆಮೇಲೆ ಅವನಿಗೂ ಕಲಿಸಿದಳು. ಆದರೂ ಓಡಿಸುವವಳು ಅವಳೇ. ಅವನು ಪಕ್ಕದಲ್ಲಿ ಕೂತು "ಬ್ರೇಕು, ಬ್ರೇಕು" ಎಂದು ಕೂಗುತ್ತಿದ್ದ. "ನೀವು ಬಾಯಿಗೆ ಬ್ರೇಕ್ ಹಾಕ್ರೀ ಮೊದಲು" ಎಂದು ಅವಳು ನಗುತ್ತಿದ್ದಳು. ಒಂದು ದಸರಾ ಹೀಗೇ ಕಳೆಯಿತು. ದೀಪಾವಳಿಗೆ ಅವಳಿರಲಿಲ್ಲ.

ಆಮೇಲೆ ಗಾಡಿ ಅವನೊಬ್ಬನದು. ಬೆಳಿಗ್ಗೆ ಅಂಗಡಿಗೆ, ಸಂಜೆ ಮನೆಗೆ. ಪಕ್ಕದ ಸೀಟು ಖಾಲಿ.

ಆ ಗಾಡಿ ಒಮ್ಮೊಮ್ಮೆ ಹೊರಡದಾಯಿತು. ಕೀ ತಿರುಗಿಸಿದರೆ ದೀಪ ಹತ್ತುತ್ತದೆ, ಹಾರನ್ನು ಕೂಗುತ್ತದೆ, ಇಂಜಿನ್ನಿನ ಸದ್ದೇ ಇಲ್ಲ. ಅದನ್ನು ಇದನ್ನು ಅಲುಗಿಸಿ, ಬೈದು, ಕೈಮುಗಿದು ಮತ್ತೆ ತಿರುಗಿಸಿದರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಹೊರಡುತ್ತದೆ. ಒಂದು ದಿನ ಪೇಟೆಯ ನಡುವೆ ನಿಲ್ಲಿಸಿದ ಗಾಡಿ ಮತ್ತೆ ಹೊರಡಲೇ ಇಲ್ಲ. ಜನ ಸೇರಿದರು.

"ಇಳೀರಿ ಸಾವ್ಕಾರ್ರೇ, ತಳ್ಳಿಬಿಡೋಣ."

"ಇದಕ್ಕೆ ಕ್ಲಚ್ಚಿಲ್ಲ, ತಳ್ಳಿದರೆ ಸ್ಟಾರ್ಟ್ ಆಗೋ ಗಾಡಿ ಅಲ್ಲಪ್ಪ."

"ತಳ್ಳಿದರೂ ಹೊರಡಲ್ಲ ಅಂದ್ರೆ ಅದೆಂಥ ಗಾಡಿ ಮಾರಾಯ್ರೇ? ನಮ್ಮ ಎತ್ತಾದ್ರೂ ಬಾಲ ಮುರಿದರೆ ಏಳುತ್ತೆ!"

ಎಲ್ಲರೂ ನಕ್ಕರು. ಯಾರ ಕಾಲಿಗಾಗಿ ತಂದ ಗಾಡಿ ಅಂತ ಅವನು ಹೇಳಲಿಲ್ಲ. ಅವನೂ ನಕ್ಕ.

ಬರಬರುತ್ತಾ ಅವನ ಮನಸ್ಸಿನಲ್ಲಿ ಒಂದು ಮಾತು ಕೂತಿತು. ಗಾಡಿ ನಿಲ್ಲಿಸುವವಳು ಅವಳೇ. ಹೋಗಬೇಡಿ, ನನ್ನ ಹತ್ತಿರ ಇರಿ ಅನ್ನುತ್ತಿದ್ದಾಳೆ. ಬೆಳಿಗ್ಗೆ ಗಾಡಿ ಹೊರಡದಿದ್ದರೆ ಅವನು ಎರಡನೇ ಸಲ ಕೀ ತಿರುಗಿಸುವುದನ್ನೇ ಬಿಟ್ಟ. ಒಳಗೆ ಹೋಗಿ ಕೂರುತ್ತಿದ್ದ. ಅಂಗಡಿಯ ಬಾಗಿಲು ತೆಗೆಯುವ ದಿನಗಳು ಕಡಿಮೆಯಾದವು. ನೆಂಟರು ಕರೆದರೆ ಗಾಡಿ ಸರಿ ಇಲ್ಲ ಅಂದ. ಕರೆಯುವವರೂ ಕಡಿಮೆಯಾದರು.

ಬೇರೆ ಊರಲ್ಲಿದ್ದ ಮಗ ಒಬ್ಬ ಮೆಕ್ಯಾನಿಕ್ಕನ್ನು ಕಳಿಸಿದ. ಮೆಕ್ಯಾನಿಕ್ಕು ಗಾಡಿಯನ್ನು ಗ್ಯಾರೇಜಿಗೆ ಒಯ್ದ. ಅಲ್ಲಿ ಅದು ತಿರುಗಿಸಿದಾಗಲೆಲ್ಲ ಹೊರಟಿತು. ಬ್ಯಾಟರಿ ನೋಡಿದ, ಸರಿ ಇತ್ತು. ಸ್ಟಾರ್ಟರ್ ಬಿಚ್ಚಿ ನೋಡಿದ, ಅದೂ ಸರಿ. ಏನೂ ಆಗಿಲ್ಲ ಅಂತ ತಂದು ನಿಲ್ಲಿಸಿದ. ಮಾರನೇ ದಿನ ಮತ್ತೆ ಅದೇ ಕತೆ. ಕೊನೆಗೆ ಅವನು ವ್ಯಾಪಾರಿಯ ಮನೆಗೇ ಬಂದ.

"ಇದು ನನ್ನ ಕೈಲಿ ಕೆಡಲ್ಲ ಯಜಮಾನ್ರೇ. ನಿಮ್ಮ ಕೈಲೇ ಕೆಡಬೇಕು. ಕೆಡೋವರೆಗೂ ಇಲ್ಲೇ ಇರ್ತೀನಿ."

ಬಹಳ ದಿನದ ಮೇಲೆ ವ್ಯಾಪಾರಿ ಎರಡು ಲೋಟ ಕಾಫಿ ಮಾಡಿದ.

ಇಬ್ಬರೂ ಗಾಡಿಯಲ್ಲಿ ಕೂತರು. ಕೆರೆಯವರೆಗೆ ಹೋದರು, ನಿಲ್ಲಿಸಿದರು, ಹೊರಟರು. ಮೆಕ್ಯಾನಿಕ್ಕು ಇಂಜಿನ್ನಿನ ಕಡೆ ನೋಡಲೇ ಇಲ್ಲ. ಯಜಮಾನನ ಕೈ ನೋಡುತ್ತಿದ್ದ. ಮಧ್ಯಾಹ್ನ ಕಳೆದ ಮೇಲೆ ಗಾಡಿ ಕೈಕೊಟ್ಟಿತು.

"ಕೈ ತೆಗೀಬೇಡಿ. ಹಾಗೇ ಇರಿ" ಅಂದ ಮೆಕ್ಯಾನಿಕ್ಕು. ಬಗ್ಗಿ ನೋಡಿದ. ಇಂಥ ಗಾಡಿ ಹೊರಡಬೇಕಾದರೆ ಗೇರಿನ ಹಿಡಿ ತನ್ನ ಜಾಗದಲ್ಲಿ ಪೂರ್ತಿ ಕೂತಿರಬೇಕು. ಕೂರದಿದ್ದರೆ ಸ್ಟಾರ್ಟರಿಗೆ ಕರೆಂಟು ಹೋಗುವುದಿಲ್ಲ. ಹಿಡಿ ಕೂದಲೆಳೆಯಷ್ಟು ಈಚೆಗೇ ನಿಂತಿತ್ತು. ಗ್ಯಾರೇಜಿನಲ್ಲಿ ಅವನು ಅದನ್ನು ದಬ್ಬಿ ಕೂರಿಸುತ್ತಿದ್ದ. ಯಜಮಾನ ಮೆಲ್ಲಗೆ ಇಡುತ್ತಿದ್ದ, ಅವಳು ಕಲಿಸಿದ ಹಾಗೆ.

ಗೇರಿನ ಸುತ್ತಲ ಮುಚ್ಚಳ ಬಿಚ್ಚಿದ. ಒಳಗೆ ಅಕ್ಷತೆ ಕಾಳು. ಒಣಗಿದ ಸೇವಂತಿಗೆ ಎಸಳು. ಗಾಡಿ ಕುಲುಕಿದ ಹಾಗೆ ಕಾಳುಗಳು ಅತ್ತಿತ್ತ ಸರಿಯುತ್ತಿದ್ದವು. ಅಡ್ಡ ಸಿಕ್ಕಿದಾಗ ಗಾಡಿ ಇಲ್ಲ, ಪಕ್ಕಕ್ಕೆ ಸರಿದಾಗ ಗಾಡಿ ಉಂಟು.

ವ್ಯಾಪಾರಿಗೆ ಗೊತ್ತಾಯಿತು. ಆ ದಸರೆಯ ಆಯುಧಪೂಜೆಯಲ್ಲಿ ಚಕ್ರದಡಿಗೆ ನಿಂಬೆಹಣ್ಣು ಇಡುವುದು ಅವನ ಕೆಲಸ, ಗಾಡಿಯ ಒಳಗಿನ ಪೂಜೆ ಅವಳದು. ಸ್ಟೀರಿಂಗಿಗೆ ಹೂವು, ಅಕ್ಷತೆ ಹಾಕಿದ ಮೇಲೆ ಗೇರಿಗೂ ಒಂದು ಹಿಡಿ ಹಾಕಿದ್ದಳು. ನನ್ನ ಕಾಲು ಉಳಿಸಿದ ದೇವರು ಇದು ಅಂದಿದ್ದಳು.

ಮೆಕ್ಯಾನಿಕ್ಕು ಬ್ರಷ್ಷು ತೆಗೆದ. ವ್ಯಾಪಾರಿ ಅವನ ಕೈ ಹಿಡಿದ.

"ಬೇಡ. ಮುಚ್ಚಿಬಿಡು."

"ಹೀಗೇ ಮುಚ್ಚಿದರೆ ನಿಮ್ಮನ್ನ ಮತ್ತೆ ಮನೇಲೇ ಕೂರಿಸುತ್ತೆ ಯಜಮಾನ್ರೇ."

"ಕೂರಿಸಲಿ."

ಮೆಕ್ಯಾನಿಕ್ಕು ಮುಚ್ಚಿದ. ಲೋಟ ತೊಳೆದಿಟ್ಟು ಹೋದ. ವ್ಯಾಪಾರಿ ಗಾಡಿಗೆ ಹೊದಿಕೆ ಹೊದಿಸಿದ. ಆಮೇಲೆ ಅವನನ್ನು ಪೇಟೆಯಲ್ಲಿ ಕಂಡವರಿಲ್ಲ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಹಾಲಪ್ಪ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ.

"ಸರಿಯಾಗೇ ಮಾಡಿದ ಬುದ್ಧಿ. ಅವಳ ಕೈಯಿಂದ ಬಿದ್ದ ಕಾಳು. ಹೇಗೆ ತೆಗೆಸ್ತಾನೆ?"

ಗುರುಗಳು ಕೇಳಿದರು: "ಗಾಡಿ ಎಲ್ಲಿಗೂ ಹೋಗದೆ ನಿಲ್ಲಲಿ ಅಂತ ಹಾಕಿದ್ದಳೇನಪ್ಪ ಅವಳು?"